ಹಿಂದೆ ಕೂತವರಿಗೆ ಕಾಣಿಸಲಿಕ್ಕಿಲ್ಲ, ಆದರೂ…

“ಇದು ಹಿಂದೆ ಕೂತವರಿಗೆ ಕಾಣಿಸಲಿಕ್ಕಿಲ್ಲ, ಆದರೂ ಹೇಳ್ತೀನಿ.” ಸ್ಲೈಡ್ ಹಾಕಿ ಮಾತಾಡುವವರ ಬಾಯಲ್ಲಿ ಈ ಮಾತು ಎಷ್ಟು ಸಲ ಬರುತ್ತದೆಂದರೆ, ಅದರ ವಿಚಿತ್ರ ಈಗ ಯಾರಿಗೂ ತಟ್ಟುವುದೇ ಇಲ್ಲ. ಕಾಣಿಸುವುದಿಲ್ಲ ಎಂದು ಗೊತ್ತು, ಗೊತ್ತಿದ್ದೇ ಹಾಕಿದ್ದಾರೆ. ಪರದೆಯ ಮೇಲೆ ಹದಿನಾಲ್ಕು ಕಾಲಂ, ಇಪ್ಪತ್ತು ಸಾಲಿನ ಎಕ್ಸೆಲ್ ಪಟ್ಟಿ. ಮಾತಾಡುವವರು ಲೇಸರ್ ಚುಕ್ಕಿಯನ್ನು ಒಂದು ಅಂಕಿಯ ಸುತ್ತ ನಡುಗಿಸುತ್ತಿದ್ದಾರೆ. ಮುಂದಿನ ಸಾಲಿನವರು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಾರೆ, ಹಿಂದಿನವರು ಆಗಲೇ ಫೋನ್ ತೆಗೆದಾಗಿದೆ. ಅಷ್ಟು ದೊಡ್ಡ ಪಟ್ಟಿಯಲ್ಲಿ ಆ ಹೊತ್ತಿಗೆ ಬೇಕಾಗಿದ್ದದ್ದು ಆ ಒಂದು ಅಂಕಿ. ಅದನ್ನೇ ದೊಡ್ಡದಾಗಿ ಬರೆದು ಹಾಕಿದ್ದರೆ ಸಾಕಿತ್ತು. ಯಾಕೆ ಹಾಕಲಿಲ್ಲ?

ಸೋಮಾರಿತನ ಎನ್ನುವಂತಿಲ್ಲ. ಇಂಥ ಸ್ಲೈಡುಗಳನ್ನು ಬಹಳ ಸಲ ನಿದ್ದೆಗೆಟ್ಟೇ ಮಾಡಿರುತ್ತಾರೆ. ತೊಂದರೆ ಇರುವುದು ಮಾಡುವ ಜಾಗದಲ್ಲಿ. ಸ್ಲೈಡ್ ತಯಾರಾಗುವುದು ಕಣ್ಣಿನಿಂದ ಎರಡಡಿ ದೂರದಲ್ಲಿ, ಕೈಯಲ್ಲಿ ಮೌಸ್ ಹಿಡಿದು, ಬೇಕಾದಷ್ಟು ಹೊತ್ತು ದಿಟ್ಟಿಸುವ ಅನುಕೂಲದಲ್ಲಿ. ಅದನ್ನು ನೋಡುವವರು ಇರುವುದು ಮೂವತ್ತಡಿ ಆಚೆ. ಪುಟ ತಿರುಗಿಸುವುದು ಅವರ ಕೈಯಲ್ಲಿಲ್ಲ, ಹಿಂದಕ್ಕೆ ಹೋಗಿ ಮತ್ತೆ ಓದುವಂತಿಲ್ಲ, ನಿಲ್ಲಿಸಿ ಯೋಚಿಸುವಂತಿಲ್ಲ. ಮಾಡುವವರು ಕಾಗದ ಮಾಡುತ್ತಿದ್ದಾರೆ, ನೋಡುವವರಿಗೆ ಸಿಗುತ್ತಿರುವುದು ಪರದೆ. ಅಕ್ಷರದ ಗಾತ್ರ, ಬಣ್ಣ, ಶೀರ್ಷಿಕೆ, ಚಾರ್ಟು ಎಂದು ನಾವು ಬೇರೆಬೇರೆಯಾಗಿ ಬೈಯುವ ತಪ್ಪುಗಳೆಲ್ಲ ಹೆಚ್ಚುಕಡಿಮೆ ಈ ಒಂದು ದೂರವನ್ನು ಮರೆತದ್ದರಿಂದಲೇ ಹುಟ್ಟಿದವು.

ಜೊತೆಗೆ, ಒಂದೇ ಸ್ಲೈಡಿಗೆ ನಾವು ಮೂರು ಚಾಕರಿ ಒಪ್ಪಿಸಿರುತ್ತೇವೆ. ಅದು ಮಾತಾಡುವವರ ನೆನಪಿನ ಚೀಟಿ ಆಗಬೇಕು, ಎದುರು ಕೂತವರು ನೋಡುವ ಚಿತ್ರ ಆಗಬೇಕು, ಸಭೆಗೆ ಬಾರದವರಿಗೆ ಆಮೇಲೆ ಕಳಿಸುವ ವರದಿಯೂ ಆಗಬೇಕು. ಚೀಟಿ ಮತ್ತು ವರದಿಗೆ ಮಾತು ಹೆಚ್ಚಿದ್ದಷ್ಟೂ ಒಳ್ಳೆಯದು, ಚಿತ್ರಕ್ಕೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಎರಡು ಓಟಿನ ಎದುರು ಒಂದು ಓಟು, ಸೋಲುವುದು ಯಾವಾಗಲೂ ಸಭೆಯೇ. ದಾರಿ ಸುಲಭದ್ದೇ ಇದೆ. ಚೀಟಿಗೆ ಸ್ಲೈಡಿನ ಕೆಳಗಿರುವ ನೋಟ್ಸ್ ಜಾಗ ಇದೆ, ಪ್ರೆಸೆಂಟರ್ ವ್ಯೂ ಹಾಕಿಕೊಂಡರೆ ಅದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣುತ್ತದೆ. ವರದಿ ಬೇಕಿದ್ದರೆ ಎರಡು ಪುಟದ ವರ್ಡ್ ಫೈಲ್ ಬೇರೆ ಬರೆಯಿರಿ. ಅಷ್ಟು ಸಮಯ ಇಲ್ಲದಿದ್ದರೆ ಅದೇ ನೋಟ್ಸ್ ಪುಟಗಳನ್ನು ಪಿಡಿಎಫ್ ಮಾಡಿ ಕಳಿಸಿ: ಮೇಲೆ ಸ್ಲೈಡ್, ಕೆಳಗೆ ವಿವರಣೆ. (ಅಮೆಜಾನ್ ಕಂಪನಿಯ ಮೇಲಿನವರ ಸಭೆಗಳಲ್ಲಿ 2004ರಲ್ಲಿ ಸ್ಲೈಡನ್ನೇ ಬಿಟ್ಟು, ಕೆಲವು ಪುಟಗಳ ಬರಹವನ್ನು ಸಭೆಯ ಆರಂಭದಲ್ಲಿ ಎಲ್ಲರೂ ಸದ್ದಿಲ್ಲದೆ ಓದುವ ಪದ್ಧತಿ ತಂದರು. ಓದಬೇಕಾದದ್ದನ್ನು ಓದಿಸುವುದೇ ಪ್ರಾಮಾಣಿಕ ದಾರಿ.)

ನಾಲ್ಕಡಿ ದೂರ ಹೋಗಿ ನೋಡಿ

ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಗೆ ಪಾಯಿಂಟಿನ ಲೆಕ್ಕದಲ್ಲಿ ಉತ್ತರ ಕೊಡುವವರು ಬಹಳ. 24ಕ್ಕಿಂತ ಕಡಿಮೆ ಬೇಡ ಎನ್ನುತ್ತಾರೆ, 30 ಎನ್ನುತ್ತಾರೆ. ಆದರೆ ಪರದೆ ಎಷ್ಟು ಎತ್ತರ, ಕೊನೆಯ ಸಾಲು ಎಷ್ಟು ದೂರ ಎಂಬುದು ಗೊತ್ತಿಲ್ಲದೆ ಪಾಯಿಂಟು ಹೇಳಿ ಏನು ಪ್ರಯೋಜನ? ಕೊನೆಯ ಸಾಲಿನ ದೂರವನ್ನು ಪರದೆಯ ಎತ್ತರದಿಂದ ಭಾಗಿಸಿ. ಪರದೆ ಒಂದೂವರೆ ಮೀಟರ್ ಎತ್ತರ, ಕೊನೆಯ ಸಾಲು ಹತ್ತು ಮೀಟರ್ ದೂರ ಎಂದರೆ ಸುಮಾರು ಆರೂಮುಕ್ಕಾಲು ಪಟ್ಟು ಆಯಿತು. 14 ಇಂಚಿನ ಲ್ಯಾಪ್‌ಟಾಪಿನ ಪರದೆ ಸುಮಾರು 17 ಸೆಂಟಿಮೀಟರ್ ಎತ್ತರ, ಅದರ ಆರೂಮುಕ್ಕಾಲು ಪಟ್ಟು ಎಂದರೆ 115 ಸೆಂಟಿಮೀಟರ್, ಹತ್ತಿರಹತ್ತಿರ ನಾಲ್ಕಡಿ. ಸ್ಲೈಡನ್ನು ಪೂರ್ಣ ಪರದೆಗೆ ಹಾಕಿ, ಎದ್ದು ನಾಲ್ಕಡಿ ಹಿಂದಕ್ಕೆ ಹೋಗಿ ನಿಲ್ಲಿ. ಹಾಲಿನ ಕೊನೆಯ ಕುರ್ಚಿಯಿಂದ ಎಷ್ಟು ಕಾಣುತ್ತದೋ ಅಷ್ಟೇ ಅಲ್ಲಿಂದ ಕಾಣುತ್ತದೆ. ಕಷ್ಟಪಟ್ಟು ಓದುವಂತಾದರೆ ಆ ಅಕ್ಷರ ಚಿಕ್ಕದು. ಹಾಲಿನಲ್ಲಿ ಇದರ ಮೇಲೆ ದೀಪದ ಬೆಳಕು, ಮಂಕಾದ ಪ್ರೊಜೆಕ್ಟರು, ಮುಂದಿನವರ ತಲೆ ಎಲ್ಲ ಸೇರಿಕೊಳ್ಳುತ್ತವೆ.

ಮುಂದಿನವರ ತಲೆ ಎಂದದ್ದು ತಮಾಷೆಗಲ್ಲ. ನೆಲ ಸಮತಟ್ಟಾಗಿರುವ ಕೋಣೆಯಲ್ಲಿ ಸ್ಲೈಡಿನ ಕೆಳಗಿನ ಕಾಲುಭಾಗ ಹಿಂದಿನವರಿಗೆ ಇಲ್ಲವೆಂದೇ ಲೆಕ್ಕ. ಮುಖ್ಯವಾದದ್ದು ಮೇಲಿರಲಿ, ಕೆಳಗೆ ಖಾಲಿ ಬಿದ್ದಿದ್ದರೆ ನಷ್ಟವಿಲ್ಲ.

ಪವರ್‌ಪಾಯಿಂಟಿನಲ್ಲಿ ಆಟೋಫಿಟ್ ಎಂಬ ಒಂದು ಉಪಕಾರ ಇದೆ. ಚೌಕದಲ್ಲಿ ಹಿಡಿಸದಷ್ಟು ಬರೆದರೆ ಅದು ಸದ್ದಿಲ್ಲದೆ ಅಕ್ಷರವನ್ನು ಕುಗ್ಗಿಸುತ್ತಾ ಹೋಗುತ್ತದೆ. 28 ಇದ್ದದ್ದು 24 ಆಗಿ, 20 ಆಗಿ, ಎಂಟನೆಯ ಬುಲೆಟ್ ಸೇರಿಸುವ ಹೊತ್ತಿಗೆ ಇನ್ನೂ ಕೆಳಗಿಳಿದಿರುತ್ತದೆ. ಎರಡಡಿ ದೂರದಲ್ಲಿ ಕೂತವರಿಗೆ ಇದು ಗಮನಕ್ಕೇ ಬರುವುದಿಲ್ಲ. ಟೆಕ್ಸ್ಟ್ ಬಾಕ್ಸಿನ ಫಾರ್ಮ್ಯಾಟಿಗೆ ಹೋಗಿ ಇದನ್ನು ಆಫ್ ಮಾಡಿಟ್ಟುಕೊಳ್ಳಿ, ಎಲ್ಲ ಸ್ಲೈಡುಗಳಿಗೂ ಮೂಲ ಅಚ್ಚಾದ ಸ್ಲೈಡ್ ಮಾಸ್ಟರಿನಲ್ಲೇ ಮಾಡಿದರೆ ಇನ್ನೂ ಒಳ್ಳೆಯದು. ಆಮೇಲೆ ಮಾತು ಹೆಚ್ಚಾದರೆ ಅದು ಚೌಕದಿಂದ ಹೊರಗೆ ಚೆಲ್ಲುತ್ತದೆ. ಚೆಲ್ಲಲಿ. ಕಣ್ಣಿಗೆ ಬಿದ್ದರೆ ತಾನೇ ತೆಗೆಯುವ ಮನಸ್ಸಾಗುವುದು.

ಬುಲೆಟ್ಟುಗಳ ಇನ್ನೊಂದು ಕಷ್ಟ ಗಾತ್ರಕ್ಕೆ ಸಂಬಂಧಿಸಿದ್ದಲ್ಲ. ಪರದೆಯಲ್ಲಿ ವಾಕ್ಯ ಕಂಡ ಕೂಡಲೇ ಕಣ್ಣು ಓದಲು ತೊಡಗುತ್ತದೆ, ಬೇಡವೆಂದರೂ ನಿಲ್ಲುವುದಿಲ್ಲ. ಕಣ್ಣು ನಾಲಿಗೆಗಿಂತ ವೇಗ. ನೀವು ಎರಡನೆಯ ಬುಲೆಟ್ಟಿನಲ್ಲಿರುವಾಗ ಸಭೆ ಏಳನೆಯದನ್ನು ಮುಗಿಸಿ ಸುಮ್ಮನೆ ಕೂತಿರುತ್ತದೆ. ರಿಚರ್ಡ್ ಮೇಯರ್ ಎಂಬ ಶಿಕ್ಷಣ ಮನೋವಿಜ್ಞಾನಿಯ ಪ್ರಯೋಗಗಳಲ್ಲಿ ಚಿತ್ರ ತೋರಿಸುತ್ತಾ ಬಾಯಲ್ಲಿ ವಿವರಿಸಿದಾಗ ಜನ ಚೆನ್ನಾಗಿ ಕಲಿತರು. ಅದೇ ಮಾತನ್ನು ಪರದೆಯಲ್ಲೂ ಅಕ್ಷರವಾಗಿ ಹಾಕಿದಾಗ ಕಲಿತದ್ದು ಕಡಿಮೆಯಾಯಿತು. ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂದು ನಂಬಿದವರಿಗೆ ಇದು ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ.

ಹೆಸರೋ, ಸುದ್ದಿಯೋ

ಸ್ಲೈಡಿನ ನೆತ್ತಿಯ ಮೇಲೆ ನಾವು ಬರೆಯುವುದು ಸಾಮಾನ್ಯವಾಗಿ ಕಡತದ ಹೆಸರಿನಂಥದ್ದು: ‘ಹಿನ್ನೆಲೆ’, ‘ದತ್ತಾಂಶ ವಿಶ್ಲೇಷಣೆ’, ‘ಸವಾಲುಗಳು’. ಪತ್ರಿಕೆಯವರು ಹೀಗೆ ಬರೆದರೆ ನಾವು ಒಪ್ಪುತ್ತೇವೆಯೇ? ‘ಮಳೆಯ ಕುರಿತು’ ಎಂದು ತಲೆಬರಹ ಕೊಟ್ಟರೆ ಪೇಪರ್ ಯಾರೂ ಮುಟ್ಟುವುದಿಲ್ಲ. ಸುದ್ದಿ ಏನೋ ಅದೇ ತಲೆಬರಹ. ಸ್ಲೈಡಿಗೂ ಅಷ್ಟೇ: ಆ ಸ್ಲೈಡಿನಿಂದ ಸಭೆಗೆ ತಿಳಿಯಬೇಕಾದದ್ದು ಏನು, ಅದನ್ನು ಒಂದು ವಾಕ್ಯ ಮಾಡಿ ಮೇಲೆ ಬರೆಯಿರಿ. ಎರಡು ಸಾಲಿಗೆ ಮೀರಬಾರದು. ಬರೆಯಲು ಆಗುತ್ತಿಲ್ಲ ಎಂದರೆ ಎರಡರಲ್ಲಿ ಒಂದು ಕಾರಣ: ಆ ಸ್ಲೈಡಿನಲ್ಲಿ ಎರಡು ಸುದ್ದಿ ಇವೆ, ಇಲ್ಲವೇ ಒಂದೂ ಇಲ್ಲ. ಎರಡಿದ್ದರೆ ಎರಡು ಸ್ಲೈಡ್ ಮಾಡಿ, ಇಲ್ಲದಿದ್ದರೆ ತೆಗೆದುಹಾಕಿ.

ಕನ್ನಡದಲ್ಲಿ ಇದಕ್ಕೊಂದು ಚಿಕ್ಕ ಅಡ್ಡಿ ಇದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ, ಅಲ್ಲಿಯವರೆಗೆ ಹೌದೋ ಅಲ್ಲವೋ ಗೊತ್ತಾಗುವುದಿಲ್ಲ. ಉದ್ದ ವಾಕ್ಯ ಎರಡು ಸಾಲಿಗೆ ಮುರಿದರೆ ಸುದ್ದಿಯ ಜೀವವೆಲ್ಲ ಎರಡನೆಯ ಸಾಲಿನ ತುದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಪತ್ರಿಕೆಗಳು ಇದಕ್ಕೆ ಎಂದೋ ಉಪಾಯ ಕಂಡುಕೊಂಡಿವೆ. ಕ್ರಿಯಾಪದ ಬಿಟ್ಟು ‘ದೂರು ಅರ್ಧಕ್ಕರ್ಧ ಇಳಿಕೆ’ ಎಂದುಬಿಡುತ್ತಾರೆ. ಇಲ್ಲವಾದರೆ ಮುಖ್ಯವಾದದ್ದನ್ನು ಮುಂದಕ್ಕೆಳೆದು ‘ಇಳಿದದ್ದು ದೂರು, ಇಳಿಯದ್ದು ಖರ್ಚು’ ಎಂದು ತಿರುಗಿಸುತ್ತಾರೆ. ಆ ಕಸುಬನ್ನು ಕಣ್ಣುಮುಚ್ಚಿ ಎರವಲು ತಂದರೆ ತಪ್ಪಿಲ್ಲ. ಸಾಲು ಎಲ್ಲಿ ಮುರಿಯಬೇಕು ಎಂಬುದನ್ನೂ ತಂತ್ರಾಂಶಕ್ಕೆ ಬಿಡಬೇಡಿ, ಶಿಫ್ಟ್ ಜೊತೆ ಎಂಟರ್ ಒತ್ತಿ ನೀವೇ ಮುರಿಯಿರಿ.

ಒಂದು ಸ್ಲೈಡನ್ನು ಬಿಚ್ಚಿ ಕಟ್ಟಿದಾಗ

ಒಂದು ಉದಾಹರಣೆ ಹಿಡಿದು ನೋಡೋಣ. ಆಸ್ಪತ್ರೆಯೊಂದರ ಹೊರರೋಗಿ ವಿಭಾಗದಲ್ಲಿ ರೋಗಿ ಸರಾಸರಿ 75 ನಿಮಿಷ ಕಾಯುತ್ತಾರೆ ಎಂದಿಟ್ಟುಕೊಳ್ಳಿ. ನೋಂದಣಿಗೆ 9, ಹಳೆಯ ಕಡತ ಹುಡುಕಿ ತರುವುದಕ್ಕೆ 36, ಡಾಕ್ಟರ ಬಾಗಿಲಲ್ಲಿ 20, ಔಷಧಿಯ ಕೌಂಟರಿನಲ್ಲಿ 10. ಇದನ್ನು ತೋರಿಸುವ ಸ್ಲೈಡ್ ಹೇಗಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಶೀರ್ಷಿಕೆ ‘ಕಾಯುವ ಅವಧಿಯ ವಿಶ್ಲೇಷಣೆ’. ಎಡಕ್ಕೆ ಏಳು ಬುಲೆಟ್. ಬಲಕ್ಕೆ ಓರೆಯಾಗಿ ಮಲಗಿದ ಮೂರು ಆಯಾಮದ ಪೈ ಚಾರ್ಟ್, ನಾಲ್ಕು ಬಣ್ಣ, ಪಕ್ಕದಲ್ಲಿ ಯಾವ ಬಣ್ಣ ಯಾವುದಕ್ಕೆ ಎಂಬ ಪಟ್ಟಿ. ಮೂಲೆಯಲ್ಲಿ ಲಾಂಛನ, ಕೆಳಗೆ ದಿನಾಂಕ, ಅದರ ಪಕ್ಕ ಸಭೆಯ ಹೆಸರು, ಯಾವ ಸಭೆಯಲ್ಲಿ ಕೂತಿದ್ದೇವೆ ಎಂದು ಮರೆತವರಿಗಾಗಿ ಇರಬೇಕು.

ಮೊದಲು ಹೋಗಬೇಕಾದದ್ದು ಆ ಪೈ. ಓರೆ ಮಾಡಿದ ಪೈಯಲ್ಲಿ ಮುಂಭಾಗಕ್ಕೆ ಬಂದ ತುಂಡು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಅದರ ದಪ್ಪವೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಓರೆ ಇಲ್ಲದಿದ್ದರೂ ಬಣ್ಣದ ಪಟ್ಟಿಗೂ ತುಂಡಿಗೂ ನಡುವೆ ಕಣ್ಣು ನಾಲ್ಕು ಸಲ ಓಡಾಡಬೇಕು, ಅಷ್ಟು ಹೊತ್ತು ನಿಮ್ಮ ಮಾತು ಕಿವಿಗೆ ಬೀಳುವುದಿಲ್ಲ. ಹಾಗಾದರೆ ಕಂಬದ ಚಾರ್ಟ್ ಹಾಕಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಎನ್ನುವುದು ಪುಸ್ತಕದ ಸಲಹೆ. ಸಾಮಾನ್ಯವಾಗಿ ಅದು ಸರಿಯೇ, ಇಲ್ಲಿ ಮಾತ್ರ ಸರಿಹೊಂದುವುದಿಲ್ಲ. ನೋಂದಣಿ ಆದ ಮೇಲೆ ಕಡತ, ಕಡತ ಬಂದ ಮೇಲೆ ಡಾಕ್ಟರು. ಇವು ಒಂದರ ಬೆನ್ನಿಗೆ ಒಂದು ನಡೆಯುವ ಕೆಲಸಗಳು, ಕ್ರಮ ಕೆಡಿಸಿದರೆ ರೋಗಿಯ ಬೆಳಗ್ಗೆ ಹೇಗೆ ಕಳೆಯಿತು ಎಂಬುದೇ ಕೈತಪ್ಪಿಹೋಗುತ್ತದೆ. ಇದಕ್ಕೆ ಒಪ್ಪುವುದು ಒಂದೇ ಒಂದು ಅಡ್ಡಪಟ್ಟಿ, ಅಳತೆಕೋಲಿನ ಹಾಗೆ.

ಅದಕ್ಕೆ ಚಾರ್ಟಿನ ಸಾಧನವೂ ಬೇಡ. 16:9ರ ಸ್ಲೈಡ್ 13.33 ಇಂಚು ಅಗಲ ಇರುತ್ತದೆ. ಎರಡೂ ಕಡೆ ಅಂಚು ಬಿಟ್ಟು 12 ಇಂಚು ಇಟ್ಟುಕೊಂಡರೆ, 75 ನಿಮಿಷಕ್ಕೆ 12 ಇಂಚು, ಒಂದು ನಿಮಿಷಕ್ಕೆ 0.16 ಇಂಚು. ನಾಲ್ಕು ಆಯತ ಎಳೆದು ಫಾರ್ಮ್ಯಾಟ್ ಶೇಪ್‌ನಲ್ಲಿ ಅಗಲವನ್ನು ಟೈಪ್ ಮಾಡಿ: 1.44, 5.76, 3.2, 1.6. ಎಲ್ಲದರ ಎತ್ತರ ಒಂದೂಕಾಲು ಇಂಚು, ಒಂದಕ್ಕೊಂದು ತಾಗಿಕೊಂಡಿರಲಿ. ಮೂರಕ್ಕೆ ತಿಳಿ ಬೂದು, ಕಡತದ ತುಂಡಿಗೆ ಮಾತ್ರ ಕಡು ಬಣ್ಣ. ಒಳಗೆ ದೊಡ್ಡದಾಗಿ ‘36’, ಮೇಲೆ ‘ಕಡತ’. ಉಳಿದವಕ್ಕೂ ಹೆಸರು ಮತ್ತು ನಿಮಿಷ ಅಲ್ಲಲ್ಲೇ, ಬೂದು ಅಕ್ಷರದಲ್ಲಿ. ನೋಂದಣಿಯ ತುಂಡು ಕಿರಿದು, ಹೆಸರು ಒಳಗೆ ಹಿಡಿಸುವುದಿಲ್ಲ, ಅದಕ್ಕೇ ಎಲ್ಲ ಹೆಸರೂ ಪಟ್ಟಿಯ ಮೇಲ್ಗಡೆ ಇರಲಿ. ಶೀರ್ಷಿಕೆ: ‘ಕಾಯುವ ಹೊತ್ತಿನಲ್ಲಿ ಸುಮಾರು ಅರ್ಧ ಕಡತ ಹುಡುಕುವುದಕ್ಕೇ’. ಲಾಂಛನ ಮೊದಲ ಸ್ಲೈಡಿನಲ್ಲಿದ್ದರೆ ಸಾಕು. ಏಳು ಬುಲೆಟ್ಟುಗಳು ನೋಟ್ಸಿಗೆ ಇಳಿದವು.

ಇದರ ಲಾಭ ಗೊತ್ತಾಗುವುದು ಮುಂದಿನ ಸ್ಲೈಡಿನಲ್ಲಿ. ಹಿಂದಿನ ಸಂಜೆಯೇ ಕಡತ ತೆಗೆದಿಟ್ಟರೆ 36 ನಿಮಿಷ 6ಕ್ಕೆ ಇಳಿಯುತ್ತದೆ ಎನ್ನುವುದು ನಿಮ್ಮ ಪ್ರಸ್ತಾಪ. ಪಕ್ಕದ ಸ್ಲೈಡ್ ಪಟ್ಟಿಯಲ್ಲಿ ಈ ಸ್ಲೈಡನ್ನು ಆರಿಸಿ ಕಂಟ್ರೋಲ್-ಡಿ ಒತ್ತಿದರೆ ನಕಲು ಬರುತ್ತದೆ. ಅದರಲ್ಲಿ ಕಡತದ ಅಗಲವನ್ನು 0.96 ಇಂಚು ಮಾಡಿ, ಬಲಗಡೆಯ ಎರಡು ತುಂಡನ್ನು ಎಡಕ್ಕೆ ಸರಿಸಿ. 12 ಇಂಚಿನ ಪಟ್ಟಿ 7.2 ಇಂಚಾಯಿತು, ಬಲಗಡೆ ಸುಮಾರು ಐದು ಇಂಚು ಬಿಳಿ ಜಾಗ ಉಳಿಯಿತು. ಆ ಖಾಲಿ ಜಾಗವೇ ರೋಗಿಗೆ ಉಳಿದ ಅರ್ಧ ಗಂಟೆ. ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಹೋದಾಗ ಉಳಿದದ್ದೆಲ್ಲ ಇದ್ದಲ್ಲೇ ಇದ್ದು ಪಟ್ಟಿ ಮಾತ್ರ ಕುಗ್ಗುತ್ತದೆ, ಅದನ್ನು ಬಾಯಿಬಿಟ್ಟು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಆನಿಮೇಶನ್ ಹಾಕುವುದಕ್ಕಿಂತ ಹೀಗೆ ಎರಡು ಸ್ಲೈಡ್ ಮಾಡುವುದು ಗಟ್ಟಿ ಕೆಲಸ, ಯಾಕೆಂದರೆ ಪಿಡಿಎಫ್ ಮಾಡಿದಾಗ ಆನಿಮೇಶನ್ನಿನ ಹಂತಗಳೆಲ್ಲ ಒಂದೇ ಪುಟದಲ್ಲಿ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಸ್ಲೈಡುಗಳ ಸಂಖ್ಯೆ ಜಾಸ್ತಿಯಾಯಿತಲ್ಲ ಎಂದು ಕೊರಗಬೇಡಿ. ಒಂದು ಸ್ಲೈಡಿನಲ್ಲಿ ನಾಲ್ಕು ನಿಮಿಷ ತಿಣುಕುವುದಕ್ಕಿಂತ ನಾಲ್ಕು ಸ್ಲೈಡುಗಳನ್ನು ಒಂದೊಂದು ನಿಮಿಷಕ್ಕೆ ದಾಟುವುದು ಸಭೆಗೆ ಹಗುರ.

1920 ಮತ್ತು 3

ಕುಗ್ಗಿದ ಅಕ್ಷರದಲ್ಲಿ, ಕೊನೆಯ ಬುಲೆಟ್ಟಿನ ಒಳಬುಲೆಟ್ಟಿನಲ್ಲಿ ಮುಖ್ಯ ಮಾತು ಅಡಗಿ ಕೂತರೆ ಏನಾಗಬಹುದು ಎಂಬುದಕ್ಕೆ ಒಂದು ಸ್ಲೈಡ್ ಇತಿಹಾಸದಲ್ಲೇ ಉಳಿದಿದೆ. 2003ರ ಜನವರಿ 16ರಂದು ಕೊಲಂಬಿಯಾ ಗಗನನೌಕೆ ಮೇಲೇರಿದ ಒಂದೂವರೆ ನಿಮಿಷದೊಳಗೆ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ ಎಂಜಿನಿಯರುಗಳು ಆ ಹೊಡೆತದಿಂದ ಅಪಾಯವಿದೆಯೇ ಎಂದು ಲೆಕ್ಕ ಹಾಕಿ ನಾಸಾದ ಅಧಿಕಾರಿಗಳ ಮುಂದೆ ಸ್ಲೈಡುಗಳಲ್ಲಿ ಇಟ್ಟರು. ಅದರಲ್ಲೊಂದರ ಶೀರ್ಷಿಕೆ, ಹಳೆಯ ಪರೀಕ್ಷೆಗಳ ಮಾಹಿತಿಯನ್ನು ನೋಡಿದರೆ ಲೆಕ್ಕ ಸುರಕ್ಷತೆಯ ಕಡೆಗೇ ವಾಲಿದೆ ಎಂಬ ಭಾವ ಕೊಡುತ್ತಿತ್ತು. ಕೆಳಗೆ ಬುಲೆಟ್, ಅದರೊಳಗೆ ಅಡ್ಡಗೆರೆ, ಅದರೊಳಗೆ ಇನ್ನೊಂದು. ಎಲ್ಲದರ ತಳದಲ್ಲಿ, ಚಿಕ್ಕ ಅಕ್ಷರದಲ್ಲಿ, ಎರಡು ಅಂಕಿ: ಬಡಿದ ತುಂಡಿನ ಗಾತ್ರದ ಅಂದಾಜು 1920 ಘನ ಇಂಚು, ಪರೀಕ್ಷೆ ಮಾಡಿದ್ದು 3 ಘನ ಇಂಚಿನ ತುಂಡಿನಿಂದ.

ಆರುನೂರ ನಲವತ್ತು ಪಟ್ಟು. ಹಳೆಯ ಪರೀಕ್ಷೆಗಳಿಂದ ಈ ಹೊಡೆತದ ಬಗ್ಗೆ ಏನೂ ಹೇಳಲಾಗದು ಎನ್ನುವುದೇ ಆ ಸ್ಲೈಡಿನ ನಿಜವಾದ ಸುದ್ದಿ. ಶೀರ್ಷಿಕೆ ಹೇಳುತ್ತಿದ್ದದ್ದು ಹೆಚ್ಚುಕಡಿಮೆ ಅದರ ತದ್ವಿರುದ್ಧ. ಫೆಬ್ರವರಿ 1ರಂದು ವಾಪಸಾಗುವಾಗ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ದುರಂತಕ್ಕೆ ಕಾರಣಗಳು ಹಲವು, ಸ್ಲೈಡಿನ ತಲೆಗೆ ಎಲ್ಲವನ್ನೂ ಕಟ್ಟಿದರೆ ಅನ್ಯಾಯ. ಆದರೆ ಅದೇ ವರ್ಷ ಆಗಸ್ಟಿನಲ್ಲಿ ಬಂದ ತನಿಖಾ ಮಂಡಳಿಯ ವರದಿ ಈ ಸ್ಲೈಡನ್ನು ಅಚ್ಚು ಹಾಕಿ, ತಾಂತ್ರಿಕ ಬರಹದ ಬದಲು ಸ್ಲೈಡುಗಳನ್ನೇ ನೆಚ್ಚುವ ರೂಢಿಯನ್ನು ಟೀಕಿಸಿತು. ಸ್ಲೈಡುಗಳ ಕಟು ವಿಮರ್ಶಕ ಎಡ್ವರ್ಡ್ ಟಫ್ಟಿ ಅದನ್ನು ಸಾಲುಸಾಲಾಗಿ ಬಿಚ್ಚಿ ತೋರಿಸಿದ್ದರು. ‘ಗಣನೀಯ’ ಎಂಬರ್ಥದ ಇಂಗ್ಲಿಷ್ ಪದ ಅದೊಂದೇ ಸ್ಲೈಡಿನಲ್ಲಿ ಐದು ಸಲ, ಒಂದೊಂದು ಕಡೆ ಒಂದೊಂದು ಅರ್ಥದಲ್ಲಿ. ಇಂಥ ಅಳತೆಯಿಲ್ಲದ ಪದ ನಿಮ್ಮ ಸ್ಲೈಡಿನಲ್ಲೂ ಇದ್ದರೆ ಅದರ ಜಾಗದಲ್ಲಿ ಅಂಕಿ ಬರೆಯಿರಿ. ಬುಲೆಟ್ಟಿನೊಳಗೆ ಬುಲೆಟ್ ಎರಡನೆಯ ಮಟ್ಟಕ್ಕೆ ಇಳಿಯಿತು ಎಂದರೆ ಅಲ್ಲಿ ಏನೋ ಹೂತುಹೋಗುತ್ತಿದೆ ಎಂದು ಅನುಮಾನಿಸಿ.

ನಮ್ಮ ಲಿಪಿಯ ಕಷ್ಟಗಳು

ಇಂಗ್ಲಿಷ್ ಅಕ್ಷರಕ್ಕೆಂದು ಮಾಡಿದ ಟೆಂಪ್ಲೇಟಿಗೆ ಕನ್ನಡ ಸುರಿದಾಗ ಮೊದಲು ಪೆಟ್ಟು ಬೀಳುವುದು ಒತ್ತಕ್ಷರಕ್ಕೆ. ಪವರ್‌ಪಾಯಿಂಟಿನ ಮಾಮೂಲಿ ಟೆಂಪ್ಲೇಟಿನಲ್ಲಿ ಸಾಲಿನ ಅಂತರ 0.9 ಇರುತ್ತದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ಬಡಿಯುತ್ತದೆ. ಅದನ್ನು 1.1ರಿಂದ 1.2ಕ್ಕೆ ಏರಿಸಿ. ಒತ್ತಿಗೂ ಗುಣಿತಕ್ಕೂ ಜಾಗ ಬಿಡಬೇಕಾದ್ದರಿಂದ ಹಲವು ಫಾಂಟುಗಳಲ್ಲಿ ಅದೇ ಪಾಯಿಂಟಿನ ಕನ್ನಡ ಅಕ್ಷರದ ಒಡಲು ಚಿಕ್ಕದಾಗಿರುತ್ತದೆ, ಎರಡು-ನಾಲ್ಕು ಪಾಯಿಂಟು ಹೆಚ್ಚಿಗೆ ಕೊಡಬೇಕು. ತುಂಬಾ ದಪ್ಪ ಅಕ್ಷರವೂ ನೆರಳು ಬಿಟ್ಟ ಅಕ್ಷರವೂ ಬೇಡ. ಪ, ಫ, ಷ, ಹಾಗೆಯೇ ದ, ಧ, ಥ ಬೇರೆಯಾಗುವುದು ಒಂದು ಸೀಳು, ಒಂದು ಗೆರೆ, ಒಂದು ಚುಕ್ಕಿಯಿಂದ, ದೂರದಿಂದ ಅದು ಮುಚ್ಚಿಹೋಗುತ್ತದೆ. ಇಟ್ಯಾಲಿಕ್ ಎಂಬುದು ನಮ್ಮ ಲಿಪಿಯ ಅಭ್ಯಾಸವೇ ಅಲ್ಲ, ಬಟನ್ ಒತ್ತಿದರೆ ಅಕ್ಷರ ವಾಲುತ್ತದೆ, ಅಷ್ಟೇ. ಒಂದು ಪದ ಎದ್ದು ಕಾಣಬೇಕೆಂದರೆ ಬಣ್ಣ ಬದಲಿಸಿ.

ಫಾಂಟು ಕೈಕೊಡುವುದು ಯಾವಾಗಲೂ ಬೇರೆಯವರ ಕಂಪ್ಯೂಟರಿನಲ್ಲಿ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟಿಲ್ಲದ ಕಡೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಂತೆ ಕಾಣುತ್ತದೆ. ಯೂನಿಕೋಡಿನಲ್ಲೇ ಬರೆಯಿರಿ. ಸೇವ್ ಆಯ್ಕೆಗಳಲ್ಲಿ ಫಾಂಟನ್ನು ಫೈಲಿನೊಳಗೇ ಸೇರಿಸುವ ಅವಕಾಶವಿದೆ, ಅದನ್ನು ಹಾಕಿ. ಜೊತೆಗೊಂದು ಪಿಡಿಎಫ್ ಪೆನ್‌ಡ್ರೈವಿನಲ್ಲಿರಲಿ.

ಬಣ್ಣದ ವಿಷಯದಲ್ಲಿ ಒಂದು ಮಾತು ನೆನಪಿದ್ದರೆ ಸಾಕು: ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಎಸೆಯಲು ಬರುವುದಿಲ್ಲ. ಕಪ್ಪು ಎಂದರೆ ಅದು ಬೆಳಕು ಬಿಡದ ಜಾಗ. ಕೋಣೆಯಲ್ಲಿ ದೀಪ ಹತ್ತಿದ್ದರೆ ಆ ಜಾಗ ಪರದೆಯದೇ ಮಾಸಲು ಬಣ್ಣ, ಅದರ ಮೇಲಿನ ನೀಲಿ ಅಕ್ಷರ ಮಾಯ. ದೀಪ ಆರಿಸದ ಕೋಣೆಗೆ ಬಿಳಿಯ ಮೇಲೆ ಕಡು ಅಕ್ಷರವೇ ಕ್ಷೇಮ, ಟೀವಿ ಪರದೆಗೆ ಕಪ್ಪಿನ ಮೇಲೆ ಬಿಳಿ ಅಕ್ಷರವೂ ಆದೀತು. ಕೆಂಪು ಕೆಟ್ಟದ್ದು, ಹಸಿರು ಒಳ್ಳೆಯದು ಎಂದು ಬಣ್ಣದಲ್ಲೇ ಹೇಳಿ ಬಿಡಬೇಡಿ. ಅವೆರಡೂ ಒಂದೇ ಥರ ಕಾಣುವ ಗಂಡಸರು ದೊಡ್ಡ ಸಭೆಯಲ್ಲಿ ಒಬ್ಬಿಬ್ಬರಾದರೂ ಇರುತ್ತಾರೆ, ಪಕ್ಕದಲ್ಲಿ ಏರಿಕೆ-ಇಳಿಕೆಯ ಗುರುತು ಹಾಕಿ.

‘ಧನ್ಯವಾದಗಳು’ ಎಂಬ ಸ್ಲೈಡ್

ಕೊನೆಯ ಸ್ಲೈಡಿನಲ್ಲಿ ಹೂವಿನ ಚಿತ್ರದ ಜೊತೆ ‘ಧನ್ಯವಾದಗಳು’ ಎಂದು ಬರೆದಿರುತ್ತದೆ. ವಂದನೆ ಬಾಯಲ್ಲಿ ಹೇಳಿದರೆ ಆಯಿತು. ಇಡೀ ಮಾತಿನಲ್ಲಿ ಪರದೆಯ ಮೇಲೆ ಅತಿ ಹೆಚ್ಚು ಹೊತ್ತು ನಿಲ್ಲುವುದು ಆ ಸ್ಲೈಡೇ. ಪ್ರಶ್ನೋತ್ತರ ಹದಿನೈದು ನಿಮಿಷ ನಡೆದರೆ ಹದಿನೈದು ನಿಮಿಷವೂ ಸಭೆ ನೋಡುವುದು ಹೂವನ್ನು. ಆಸ್ಪತ್ರೆಯ ಉದಾಹರಣೆಯಲ್ಲಾದರೆ ಆ ಜಾಗದಲ್ಲಿ ಕುಗ್ಗಿದ ಪಟ್ಟಿಯ ಸ್ಲೈಡನ್ನೇ ಮತ್ತೆ ಇಡಿ, ಕೇಳುವ ಪ್ರಶ್ನೆಗಳೂ ಅದರ ಸುತ್ತಲೇ ಬರುತ್ತವೆ. ಅದರ ಹಿಂದೆ, ಯಾರಾದರೂ ಕೇಳಿದರೆ ಮಾತ್ರ ಬೇಕಾಗುವ ಸ್ಲೈಡುಗಳು ಸಾಲಾಗಿರಲಿ: ಯಾವ ದಿನಗಳಲ್ಲಿ ಅಳೆದದ್ದು, ಎಷ್ಟು ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು, ಸಂಜೆ ಕಡತ ತೆಗೆಯಲು ಎಷ್ಟು ಜನ ಬೇಕು. ಅವುಗಳ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ, ಸಂಖ್ಯೆ ಒತ್ತಿ ಎಂಟರ್ ಒತ್ತಿದ ಕೂಡಲೇ ಆ ಸ್ಲೈಡ್ ಬರುತ್ತದೆ, ಎಲ್ಲರೆದುರು ಹಿಂದೆಮುಂದೆ ಓಡಾಡಿ ಹುಡುಕಬೇಕಿಲ್ಲ. ಚರ್ಚೆ ಪರದೆಯನ್ನು ಬಿಟ್ಟು ಬೇರೆ ಕಡೆಗೆ ಹೊರಳಿದರೆ ಕೀಬೋರ್ಡಿನಲ್ಲಿ ‘ಬಿ’ ಒತ್ತಿ, ಪರದೆ ಕಪ್ಪಾಗುತ್ತದೆ. ಇನ್ನೊಮ್ಮೆ ಒತ್ತಿದರೆ ಪಟ್ಟಿ ಇದ್ದಲ್ಲೇ ಇರುತ್ತದೆ.